ಪಿರನೀಸ್ ತಾಲ್ಲೂಕಿನ ಪುರೋಹಿತರು

ಸ್ಪೇನ್ ದೇಶದ ಬೆಟ್ಟದೂರೊಂದಕ್ಕೆ ಕಾಶಿಯಲ್ಲಿ ಕುಳಿತು ಪೌರೋಹಿತ್ಯ ಮಾಡುವ ಕನ್ನಡಿಗರು ಪ್ರಪಂಚದಲ್ಲಿ ಒಬ್ಬರೇ ಒಬ್ಬರು. ಅವರು ನಮ್ಮ ಮನೆಯಲ್ಲಿದ್ದಾರೆ. ನನ್ನ ಗಂಡನಿಗೆ ದೊಡ್ಡಪ್ಪ, ನನಗೆ ದೊಡ್ಡಮಾವ. ನಗುವವರು ಈಗಲೇ ನಕ್ಕುಬಿಡಿ. ಮುಂದೆ ನಗಲು ಜಾಗ ಸಿಕ್ಕೀತೆಂಬ ಭರವಸೆ ನನಗಿಲ್ಲ.

ಆ ದಿನದ ಬೆಳಗೂ ಎಂದಿನಂತೆಯೇ ಶುರುವಾಯಿತು. ಪುಷ್ಯಮಾಸದ ಮಂಜು, ಗಂಗೆಯ ಆಚೆ ದಡವಿರಲಿ, ಹನುಮಾನ್ ಘಾಟಿನ ನಮ್ಮ ಗಲ್ಲಿಯ ಎದುರುಮನೆಯ ಕಿಟಕಿಯೂ ಕಾಣದು. ಐದೂವರೆಗೆ ಹಾಲಿನವನು ಬಂದ. ಆರಕ್ಕೆ ಕೋತಿಗಳು ಬಂದು ನೀರಿನ ಟ್ಯಾಂಕಿನ ಮುಚ್ಚಳ ತೆಗೆದವು. ನಮ್ಮವರು ಅದನ್ನು ಮುಚ್ಚಿ, ಕಲ್ಲು ಹೇರಿ, ಕೋತಿಗಳಿಗೆ ಹಿಂದಿಯಲ್ಲಿ ಬೈದು ಬಂದರು. ಕನ್ನಡದಲ್ಲಿ ಬೈದರೆ ಅವಕ್ಕೆ ತಿಳಿಯುವುದಿಲ್ಲವಂತೆ! ಆರೂಕಾಲಿಗೆ ದೊಡ್ಡಮಾವ ಎದ್ದರು. ಅವರ ಬಾಯಿಂದ ಬರುವ ದಿನದ ಮೊದಲ ಮಾತು ದೇವರ ನಾಮವಲ್ಲ.

"ಅಲ್ಲಿ ಹಿಮ ಬಿತ್ತಾ, ಮಗು?"

ಅಲ್ಲಿ ಎಂದರೆ ಸ್ಪೇನಿನಲ್ಲಿ. ನಾನು ಫೋನಿನಲ್ಲಿ ನೋಡಿ ಹೇಳಬೇಕು. ಬಿದ್ದಿದ್ದರೆ, ಆಯಮ್ಮ ಸೌದೆ ಒಳಗೆ ತಂದಿಟ್ಟುಕೊಂಡಳೋ ಇಲ್ಲವೋ ಎಂದು ಸ್ವಲ್ಪ ಚಿಂತಿಸಿ ಆಮೇಲೆ ಕಾಫಿ ಕುಡಿಯುತ್ತಾರೆ. ಜ್ಯೇಷ್ಠದ ಬಿಸಿಲಿಗೆ ಬನಾರಸಿನ ಹಲ್ಲಿಗಳು ಗೋಡೆ ಬಿಟ್ಟು ಬೀಳುವಾಗಲೂ ಈ ಮನುಷ್ಯ ಇಲ್ಲಿಯ ಹವೆ ಹೇಗಿದೆ ಎಂದು ಕೇಳಿದವರಲ್ಲ.

ಆವತ್ತು ಫೋನು ತೆರೆದರೆ ಹವಾಮಾನಕ್ಕಿಂತ ಮೇಲೆ ಒಂದು ಸಂದೇಶ ಕೂತಿತ್ತು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಆ ಊರಿನಲ್ಲಿ ಒಬ್ಬಳೇ ಉಳಿದಿದ್ದ ಮುದುಕಿ, ನಮ್ಮ ಮನೆಯಲ್ಲಿ 'ಆಯಮ್ಮ' ಎಂದೇ ಕರೆಯುತ್ತಿದ್ದವಳು, ಗುರುವಾರ ತೀರಿಕೊಂಡಳು. ಮಣ್ಣು ಮಾಡಿ, ಮನೆಗೆ ಬೀಗ ಹಾಕಿ, ನಾವು ಪೇಟೆಗೆ ಮರಳಿದ್ದೇವೆ. ನಿಮ್ಮ ಹಿರಿಯರಿಗೆ ತಿಳಿಸಿ. ಬರೆದವಳು ಅವಳ ಅಣ್ಣನ ಮೊಮ್ಮಗಳು.

ನಾನು ಎರಡು ಸಲ ಓದಿದೆ. ಒಲೆಯ ಮೇಲೆ ಹಾಲು ಅಂಚಿಗೆ ಬಂದು ನಿಂತಿತ್ತು.

"ಬಿತ್ತಾ?" ಎಂದರು ಮತ್ತೆ.

"ಬಿದ್ದಿದೆ ದೊಡ್ಡಮಾವ. ಒಂದು ಗೇಣು" ಎಂದೆ. ಹವಾಮಾನವನ್ನಷ್ಟೇ ಹೇಳಿದೆ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಮೊದಲು ಬಹಿ ಎಂದರೇನೆಂದು ಹೇಳಬೇಕು. ಕಾಶಿಯ ಕ್ಷೇತ್ರ ಪುರೋಹಿತರ ಮನೆಗಳಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕಗಳಿರುತ್ತವೆ. ಊರೂರಿಗೆ ಒಂದೊಂದು. ಹಾಸನದ ಕಡೆಯ ಯಾವುದೋ ಹಳ್ಳಿಯಿಂದ ನೀವು ಅಪ್ಪನ ಶ್ರಾದ್ಧಕ್ಕೆಂದು ಬಂದರೆ, ನಿಮ್ಮ ಊರಿನ ಬಹಿ ತೆರೆದು, ನಿಮ್ಮ ಮುತ್ತಜ್ಜ ಬಂದಾಗ ಹಾಕಿದ ರುಜುವನ್ನೇ ತೋರಿಸುತ್ತಾರೆ. ಅದರ ಕೆಳಗೆ ನಿಮ್ಮ ಹೆಸರು, ಮಕ್ಕಳ ಹೆಸರು, ತೀರಿಕೊಂಡವರ ತಿಥಿ ಸೇರಿಸುತ್ತಾರೆ. ನಮ್ಮ ಮನೆಯಲ್ಲಿ ಇಂಥವು ಒಂದು ಕಪಾಟು ತುಂಬ ಇದ್ದವು. ಅವನ್ನು ಕಾಯಲು ದೊಡ್ಡಮಾವ ಮದುವೆಯನ್ನೂ ಆಗಲಿಲ್ಲ. ಈಗ ಎರಡು ವರ್ಷದಿಂದ ಅವರಿಗೆ ಕಣ್ಣಿಲ್ಲ. ಅಕ್ಷರಗಳು ಮೊದಲು ಇರುವೆಗಳಾದವು, ಆಮೇಲೆ ಮಂಜಾದವು. ನಮ್ಮವರು ವಿಶ್ವವಿದ್ಯಾಲಯದಲ್ಲಿ ಮಣ್ಣು ಪರೀಕ್ಷೆ ಮಾಡುವವರು; ಮನುಷ್ಯ ಮಣ್ಣಾದ ಮೇಲಿನ ವಿಚಾರಕ್ಕೆ ಅವರು ಕೈ ಹಾಕುವುದಿಲ್ಲ. ಹಾಗಾಗಿ ಬಹಿಗಳೆಲ್ಲ ನಮ್ಮ ದಾಯಾದಿ, ಪಕ್ಕದ ಶಿವಾಲ ಬಡಾವಣೆಯ ಭಾವನ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅವರು ಒಯ್ಯಲು ಬರುವ ದಿನವೇ ಅದು. ಹನ್ನೊಂದು ಗಂಟೆಗೆ.

ಇನ್ನೊಂದು ಸಂಗತಿ. ನಮ್ಮ ಎರಡೂ ಮನೆಗಳಲ್ಲಿ ಹಿಂದಿನಿಂದ ಬಂದ ನಿಯಮವೊಂದಿದೆ. ಊರಿನಲ್ಲಿ ಒಂದು ಒಲೆ ಉರಿಯುತ್ತಿದ್ದರೂ ಅದರ ಬಹಿಯನ್ನು ಕಾಯಬೇಕು. ಕೊನೆಯ ಒಲೆಯೂ ಆರಿದರೆ, ಕೊನೆಯ ಹೆಸರು ಬರೆದು, ಬಹಿಯನ್ನು ಗಂಗೆಗೆ ಬಿಡಬೇಕು. ಅಣೆಕಟ್ಟಿನ ನೀರಿಗೆ ಮುಳುಗಿದ ಮೂರು ಹಳ್ಳಿಗಳ ಬಹಿಗಳನ್ನು ದೊಡ್ಡಮಾವ ತಾವೇ ಬಿಟ್ಟು ಬಂದಿದ್ದರು. ಆ ಹಳ್ಳಿಗಳ ಜನ ಬೇರೆ ಊರಿನ ಪುಟಗಳಲ್ಲಿ ಬದುಕಿಕೊಂಡರು. ಇವರು ಮಾತ್ರ ಆ ಮೂರೂ ದಿನ ಊಟ ಮಾಡಲಿಲ್ಲ. ಅಂದಮೇಲೆ ಆ ನಾಲ್ಕು ಸಾಲನ್ನು ಬೆಳಿಗ್ಗೆ ಆರೂಕಾಲಿಗೆ, ಕಾಫಿಗೆ ಮುಂಚೆ, ನಾನು ಹೇಗೆ ಓದಿ ಹೇಳಲಿ?

ಸ್ಪೇನು ನಮ್ಮ ಮನೆಗೆ ಬಂದದ್ದು ನಾನು ಸೊಸೆಯಾಗಿ ಬಂದ ವರ್ಷವೇ. ಅದು ಚರ್ಮದ ದಪ್ಪ ಬೂಟು ಹಾಕಿಕೊಂಡು, ಅದನ್ನು ಬಾಗಿಲಲ್ಲಿ ಬಿಚ್ಚಿ, ಪಡಸಾಲೆಯ ಮೂಲೆಯಲ್ಲಿ ಕೂತಿತು. ಎದುರು ಗಲ್ಲಿಯಲ್ಲಿ ರೂಮು ಹಿಡಿದಿದ್ದ ಆಯಮ್ಮನ ಅಣ್ಣ. ಆಗ ಯಾರೋ ಯಾತ್ರಿಕರು ಬಹಿಯಲ್ಲಿ ತಮ್ಮ ಅಜ್ಜನ ಹೆಬ್ಬೆಟ್ಟು ಕಂಡು ಅಳುತ್ತಿದ್ದರು. ಅದನ್ನು ನೋಡಿ ಆತ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ, ನಮ್ಮೂರೂ ಇದರಲ್ಲಿದೆಯೇ ಎಂದು. ಕಾನ್ವೆಂಟಿನಲ್ಲಿ ಓದಿದವಳೆಂದು ನನ್ನನ್ನು ಈ ಮನೆಗೆ ತಂದಿದ್ದರು, ಆದರೆ ಆ ಇಂಗ್ಲಿಷಿಗೆ ಅದುವರೆಗೆ ಬಿಸ್ಕತ್ತಿನ ಪೊಟ್ಟಣ ಓದುವುದರ ಹೊರತು ಕೆಲಸವಿರಲಿಲ್ಲ. ನಾನು ಉತ್ಸಾಹದಿಂದ, ಇಲ್ಲವೆಂದು ಹೇಳಲೇ ಎಂದು ದೊಡ್ಡಮಾವನನ್ನು ಕೇಳಿದೆ. ಅವರು ಹೌಹಾರಿದರು. ಬಾಗಿಲಿಗೆ ಬಂದು ಊರು ಕೇಳಿದವನಿಗೆ ಇಲ್ಲ ಅನ್ನಬಾರದಂತೆ. ನಿನ್ನೆವರೆಗೆ ಇರಲಿಲ್ಲ, ಇವತ್ತಿನಿಂದ ಇದೆ ಎಂದು ಹೇಳು ಎಂದರು.

ನಾಲ್ಕು ದಿನ ಆತ ಹೇಳಿದ, ನಾನು ತಿರುಗಿಸಿದೆ, ದೊಡ್ಡಮಾವ ಬರೆದರು. ಆ ಊರಿನಲ್ಲಿ ಹದಿನಾಲ್ಕು ಮನೆ. ಪ್ರತಿ ಮನೆಗೂ ಒಂದು ಹೆಸರು. ಮನುಷ್ಯನನ್ನು ಅವನ ಮನೆಯ ಹೆಸರಿನಿಂದಲೇ ಗುರುತಿಸುವುದು. "ನೋಡಿದ್ಯಾ, ಮನೆತನ ಇರೋ ಜನ" ಎಂದು ದೊಡ್ಡಮಾವ ನನ್ನ ಕಡೆ ಹೆಮ್ಮೆಯಿಂದ ನೋಡಿದರು, ತಾವೇ ಹೆತ್ತವರಂತೆ. ಕಲ್ಲುಚಪ್ಪಡಿಯ ಮಾಡು. ಊರಿಗೆಲ್ಲ ಒಂದೇ ರೊಟ್ಟಿ ಒಲೆ; ವಾರಕ್ಕೊಮ್ಮೆ ಸರದಿ. ಹೊಗೆಗೂಡಿನ ತುದಿಯಲ್ಲಿ ಮಾಟಗಾತಿ ಒಳಗಿಳಿಯದಂತೆ ನಿಲ್ಲಿಸಿದ ಒಂದು ಕಲ್ಲು. ಹಿಮದ ಮಂಜಿನಲ್ಲಿ ದಾರಿ ತಪ್ಪಿದ ಕುರುಬರಿಗಾಗಿ ಚರ್ಚಿನ ಗಂಟೆ ಬಾರಿಸುವುದು ಆಯಮ್ಮನ ಮನೆಯವರ ಪಾಳಿ. ಎಲ್ಲವೂ ಬಹಿಗೆ ಏರಿತು. ಬಹಿಯ ಮೊದಲ ಪುಟದಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಬರೆಯಬೇಕಲ್ಲ? ದೊಡ್ಡಮಾವ ತಡವರಿಸದೆ ಆ ಬೆಟ್ಟಸಾಲಿನ ಹೆಸರನ್ನೇ ಹಾಕಿದರು. ತಾಲ್ಲೂಕು: ಪಿರನೀಸ್. ಜಿಲ್ಲೆ: ಸ್ಪೇನ್. ಹೋಬಳಿ ಮಾತ್ರ ಇವತ್ತಿಗೂ ಖಾಲಿ ಇದೆ. ಆತನಿಗೆ ಹೋಬಳಿ ಎಂದರೇನೆಂದು ತಿಳಿಸಲು ನನ್ನ ಕಾನ್ವೆಂಟು ಸಾಲಲಿಲ್ಲ.

ಗೋತ್ರದ ಪ್ರಕರಣ ಆಮೇಲಿನದು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವೆಂದು ಶಾಸ್ತ್ರ. ಹದಿನಾಲ್ಕೂ ಮನೆ ಕಾಶ್ಯಪವಾದವು. ಏಳೆಂಟು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ ಸಾರನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, ಅನಾಹುತವಾಯಿತು ಮಗು ಎಂದರು. ಇಡೀ ಊರು ಒಂದೇ ಗೋತ್ರವಾದರೆ, ಅಲ್ಲಿಯ ಗಂಡ ಹೆಂಡಿರೆಲ್ಲ ಅಣ್ಣ ತಂಗಿಯರಾದರಲ್ಲ! ಆ ಊಟ ಅಲ್ಲಿಗೇ ಮುಗಿಯಿತು. ಆತ ಬರೆದುಕೊಟ್ಟಿದ್ದ ನಕ್ಷೆ ಹರಡಿ, ಚರ್ಚಿನ ಮೇಲುಗಡೆಯವರು ಕಾಶ್ಯಪ, ಕೆಳಗಡೆಯವರು ಭಾರದ್ವಾಜ ಎಂದು ಗೆರೆ ಎಳೆದರು. ಆದರೂ ಮೇಲುಗಡೆಯ ಎರಡು ಮನೆಗಳ ನಡುವೆ ಒಂದು ಹಳೆಯ ಮದುವೆ ಸಿಕ್ಕಿಬಿತ್ತು. ದೊಡ್ಡಮಾವ ಎರಡು ದಿನ ಯೋಚಿಸಿದರು. ಮೂರನೆಯ ದಿನ ನಕ್ಷೆಯಲ್ಲಿ ಚರ್ಚನ್ನೇ ನಾಲ್ಕು ಮನೆ ಮೇಲಕ್ಕೆ ಸರಿಸಿದರು.

ತುಮಕೂರಿನ ಕಡೆಯಿಂದ ಬಂದ ಯಾತ್ರಿಕರ ಪಾಡು ಕೇಳಿ. ಪಾಪ, ಅವರು ಪಿಂಡ ಹಿಡಿದು ಕೂತಿದ್ದರೆ ಇವರು ಚಳಿಗಾಲಕ್ಕೆ ಕುರಿಗಳನ್ನು ಬಯಲುಸೀಮೆಗೆ ಇಳಿಸುವ ದಾರಿ ವಿವರಿಸುತ್ತಿದ್ದರು. ಕಡಿದಾದ ಇಳಿಜಾರು, ಆಮೇಲೆ ಆಕ್ರೋಟದ ಮರ, ಎಡಕ್ಕೆ ತೊರೆ. ಅವರಲ್ಲೊಬ್ಬರು ವಿನಯದಿಂದ, ಸ್ವಾಮಿ, ಕಂಟೋನ್ಮೆಂಟ್ ಸ್ಟೇಷನ್ನಿಗೆ ಆಟೋ ಎಲ್ಲಿ ಸಿಗುತ್ತೆ ಎಂದು ಕೇಳಿದರು. ದೊಡ್ಡಮಾವನಿಗೆ ಗೊತ್ತಿರಲಿಲ್ಲ. ಹುಟ್ಟಿದ್ದೇ ಈ ಗಲ್ಲಿಯಲ್ಲಿ!

ಪಿತೃಪಕ್ಷದಲ್ಲಿ ಆ ಊರಿನ ಸತ್ತವರಿಗೆಲ್ಲ ಎಳ್ಳುನೀರು ಬಿಡುತ್ತಿದ್ದರು. ಆತ ಕಣ್ಣು ಒದ್ದೆ ಮಾಡಿಕೊಂಡು ನೆನೆದ ಒಂದು ಹೇಸರಗತ್ತೆಯೂ ಇತ್ತು. ಹಿಮದಲ್ಲಿ ಊರಿಗೆಲ್ಲ ಉಪ್ಪು ಹೊತ್ತು ತಂದದ್ದು. ಅದಕ್ಕೆ ಯಾವ ಗೋತ್ರ ಎಂದು ನಾನು ತಮಾಷೆಗೆ ಕೇಳಿದೆ. ಅವರು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಯಾರೂ ಇಲ್ಲದವರಿಗೆಂದು ಕೊನೆಯಲ್ಲಿ ಬಿಡುವ ನೀರಿನಲ್ಲಿ ಅದಕ್ಕೂ ಪಾಲಿದೆ ಎಂದರು.

ಆತ ಊರಿಗೆ ಮರಳಿದ ಮೇಲೆ ವರ್ಷಕ್ಕೊಂದು ಕಾಗದ ಬರುತ್ತಿತ್ತು. ಹುಟ್ಟಿದವರು, ಮದುವೆಯಾದವರು, ಸತ್ತವರು. ಮೊದಲು ಮದುವೆಯ ಸಾಲು ನಿಂತಿತು. ಶಾಲೆ ಮುಚ್ಚಿತೆಂದು ಒಂದು ವರ್ಷ ಬಂತು. ರೊಟ್ಟಿ ಒಲೆಯ ಮಾಡು ಕುಸಿಯಿತೆಂದು ಇನ್ನೊಂದು ವರ್ಷ. ಒಮ್ಮೆ, ಎಷ್ಟೋ ವರ್ಷದ ಮೇಲೆ, ಒಂದು ಹೆಣ್ಣುಮಗು ಹುಟ್ಟಿತು. ದೊಡ್ಡಮಾವ ಗಲ್ಲಿಗೆಲ್ಲ ಮಣ್ಣಿನ ಕುಡಿಕೆಗಳಲ್ಲಿ ಮಲೈಯೋ ಹಂಚಿದರು. ಮಂಜಿನ ಕಾಲದ ಆ ಹಾಲುನೊರೆ ಬಾಯಿಗಿಟ್ಟರೆ ಇದ್ದದ್ದೇ ತಿಳಿಯುವುದಿಲ್ಲ. ಮುಂದಿನ ಕಾಗದದಲ್ಲಿ ಆ ಮಗುವನ್ನು ಎತ್ತಿಕೊಂಡು ತಂದೆತಾಯಿ ಪೇಟೆಗೆ ಇಳಿದರೆಂದು ಇತ್ತು, ತೊಟ್ಟಿಲ ಸಮೇತ. ಆಮೇಲೆ ಆತನೂ ತೀರಿಕೊಂಡ. ಆಯಮ್ಮನೊಬ್ಬಳು ಉಳಿದಳು. ಕುರಿ ಇಲ್ಲ, ಕುರುಬರಿಲ್ಲ. ಆದರೂ ಮಂಜು ಇಳಿದ ದಿನ ಹೋಗಿ ಗಂಟೆ ಬಾರಿಸಿ ಬರುತ್ತಾಳೆಂದು ಆತನ ಮೊಮ್ಮಗಳು ಬರೆದಿದ್ದಳು. ಯಾರಿಗೆ ಎಂದು ನಾನು ಕೇಳಿದ್ದಕ್ಕೆ ದೊಡ್ಡಮಾವ ನನ್ನನ್ನೇ ಪೆದ್ದಿಯೆಂಬಂತೆ ನೋಡಿದ್ದರು.

ಹನ್ನೊಂದಕ್ಕೆ ಸರಿಯಾಗಿ ಶಿವಾಲದ ಭಾವ ಬಂದರು. ಎರಡು ಗೋಣಿಚೀಲ, ಬಾಯಲ್ಲಿ ಪಾನ್, ಕೊರಳಿಗೆ ಮೂರು ಸುತ್ತು ಉಣ್ಣೆ. ಕೆಟ್ಟವರಲ್ಲ. ಒಂದೊಂದೇ ಬಹಿಯನ್ನು ಹಣೆಗೊತ್ತಿಕೊಂಡು ಚೀಲಕ್ಕಿಳಿಸಿದರು. ದೊಡ್ಡಮಾವ ಪ್ರತಿಯೊಂದರ ಬೆನ್ನನ್ನು ಬೆರಳಿನಿಂದ ಸವರಿ ಊರಿನ ಹೆಸರು ಹೇಳುತ್ತಿದ್ದರು, ಒಂದೂ ತಪ್ಪಲಿಲ್ಲ. ಕೊನೆಗೆ ತೆಳ್ಳನೆಯದೊಂದು ಉಳಿಯಿತು.

"ಇದೊಂದು ಬೇಡ ದೊಡ್ಡಪ್ಪ" ಎಂದರು ಭಾವ, ಪಾನನ್ನು ಒಂದು ದವಡೆಗೆ ತಳ್ಳಿ. "ಈ ವಿಲಾಯತಿ ಊರನ್ನ ನಾನೆಲ್ಲಿ ಇಟ್ಕೊಳ್ಳಲಿ? ನನ್ನ ಮಗನಿಗೆ ಕನ್ನಡ ಓದಕ್ಕೇ ಬರಲ್ಲ. ಅವನಿಗೆ ಹಾಸನ ಎಲ್ಲಿದೆ ಅಂತ ಗೊತ್ತಿಲ್ಲ. ಸ್ಪೇನೂ ಹಾಸನವೂ ಅವನಿಗೆ ಒಂದೇ ದೂರ."

"ಹಾಗಾದ್ರೆ ಎರಡನ್ನೂ ತಗೊಂಡು ಹೋಗು."

ಭಾವ ನಕ್ಕರು. ನಾನೂ ನಗಬೇಕಿತ್ತು.

"ಅಲ್ಲಿ ಯಾರಿದಾರೆ ದೊಡ್ಡಪ್ಪ?"

"ಆಯಮ್ಮ ಇದಾಳೆ. ನಿನ್ನೆ ಹಿಮ ಬಿದ್ದಿದೆ, ಒಂದು ಗೇಣು. ಒಳಗೆ ಒಲೆ ಹಚ್ಚಿರ್ತಾಳೆ."

ಭಾವ ಗಂಭೀರವಾದರು. ಒಲೆ ಉರಿಯುತ್ತಿದ್ದರೆ ಬಾಯಿ ಮುಚ್ಚಿಕೊಂಡು ಒಯ್ಯುತ್ತೇನೆ, ನಿಯಮ ನಿಯಮವೇ ಎಂದರು. ಆದರೆ ಆರಿದ್ದರೆ ಇವತ್ತೇ ಗಂಗೆಗೆ ಬಿಡೋಣ, ತಾನೇ ಕೈಹಿಡಿದು ಇಳಿಸುತ್ತೇನೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಾಗದ ಪತ್ರ ಓದೋಳು ನೀನಲ್ವಾ. ನೀನೇ ಹೇಳಮ್ಮ. ಆ ಮುದುಕಿ ಇದಾಳಾ?"

ನನ್ನ ಕೈಯಲ್ಲಿ ಭಾವನ ಕಾಫಿ ಲೋಟ ಇತ್ತು. ಕಾಫಿಯ ಮೇಲೆ ಕೆನೆ ಕಟ್ಟಿ ಸುಕ್ಕಾಗಿತ್ತು. ದೊಡ್ಡಮಾವ ನನ್ನತ್ತ ಮುಖ ಮಾಡಿದರು. ನನ್ನತ್ತ ಅಲ್ಲ, ನನ್ನಿಂದ ಒಂದು ಮೊಳ ಆಚೆಗಿದ್ದ ಕಂಬದತ್ತ. ನಾನು ಅಲ್ಲಿದ್ದೇನೆಂದು ಅವರು ತಿಳಿದಿದ್ದರು. ಆ ಕಂಬದ ಮೇಲೆ ಅವರಿಗೆ ಪೂರ್ತಿ ನಂಬಿಕೆಯಿತ್ತು.

"ಇದ್ದಾರೆ" ಎಂದೆ.

ಹತ್ತು ವರ್ಷ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು. ಪೆನ್ಸಿಲು ಕಳೆದರೂ ಕಳೆದೆ ಎನ್ನಬೇಕಿತ್ತು. ಆ ಒಂದು ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದೆನೋ!

ಭಾವ ಬಹಿಯನ್ನು ಹಣೆಗೊತ್ತಿಕೊಂಡರು. ದೊಡ್ಡಮಾವ ಅದರ ಮೇಲೆ ಕೈಯಿಟ್ಟು, ಎಳ್ಳುನೀರು ಬಿಡುವ ಕ್ರಮವನ್ನೆಲ್ಲ ಒಪ್ಪಿಸಿದರು, ಹೇಸರಗತ್ತೆಯನ್ನೂ ಬಿಡಲಿಲ್ಲ. ಭಾವ ಆಗಲಿ ಆಗಲಿ ಎನ್ನುತ್ತಾ ಚೀಲ ಹೊತ್ತು, ಎರಡು ಸಲ ಬಂದು, ಗಲ್ಲಿಯ ತಿರುವಿನಲ್ಲಿ ಮಂಜಾದರು. ಕಪಾಟಿನ ಹಲಗೆಗಳ ಮೇಲೆ ಬಹಿಗಳಿದ್ದ ಕಡೆ ಮಾತ್ರ ಧೂಳಿಲ್ಲದ ಪಟ್ಟಿಗಳು ಉಳಿದವು.

ದೊಡ್ಡಮಾವನಿಗೆ ಆವತ್ತು ಎಂದೂ ಇಲ್ಲದ ಹುರುಪು. ಇನ್ನೊಂದು ಲೋಟ ಕಾಫಿ ಕೇಳಿದರು. ಜನ್ಮದಲ್ಲಿ ಎರಡನೆಯ ಕಾಫಿ ಕೇಳಿದವರಲ್ಲ. ಅದನ್ನು ಕುಡಿದು ಮುಗಿಸುವವರೆಗೆ ಕಾದೆ. ಆಮೇಲೆ ಅವರ ಕಾಲ ಬಳಿ ಕೂತು ನಾಲ್ಕು ಸಾಲನ್ನೂ ಹೇಳಿದೆ.

ಅವರು ಲೋಟದ ಅಂಚನ್ನು ಹೆಬ್ಬೆರಳಿನಿಂದ ಒಂದು ಸುತ್ತು ಸವರಿದರು.

"ಯಾವತ್ತು?"

"ಗುರುವಾರ."

ಬೆರಳು ಮಡಚಿ ತಿಥಿ ಎಣಿಸಿದರು. "ಅಲ್ಲಿಗೆ, ಶಿವಾಲದವನ ಹತ್ರ ನಾನು ಹೇಳಿದ್ದು ಸುಳ್ಳಾಯ್ತು."

"ನೀವು ಹೇಳಿದ್ದು ಸುಳ್ಳಲ್ಲ ದೊಡ್ಡಮಾವ. ಸುಳ್ಳು ಹೇಳಿದ್ದು ನಾನು."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಹೊಳೆಗೆ ಹೋಗಬೇಕು ಎಂದಷ್ಟೇ ಹೇಳಿ ಎದ್ದು ನಿಂತರು. ಮನೆಯಲ್ಲೇ ಬಿಸಿನೀರು ಕಾಯಿಸುತ್ತೇನೆ, ಎಂಬತ್ತರ ಮೇಲಾಯಿತು, ಈ ಚಳಿಯಲ್ಲಿ ಬೇಡವೆಂದು ಗೋಗರೆದೆ. ಊರಿಗೆ ಊರೇ ಹೋಗಿದೆ, ಬಚ್ಚಲಲ್ಲಿ ನೀರು ಹುಯ್ಕೊಳ್ಳಕ್ಕಾಗುತ್ತಾ ಎಂದರು.

ಘಾಟಿನ ಮೆಟ್ಟಿಲುಗಳನ್ನು ಅವರು ಒಂದೊಂದಕ್ಕೂ ಎರಡೂ ಕಾಲಿಟ್ಟು ಇಳಿದರು. ನನ್ನ ಮುಂಗೈ ಹಿಡಿದ ಅವರ ಕೈ ಒಣ ಎಲೆಯಷ್ಟೇ ಭಾರ. ಕೆಳಗೆ ನದಿ ಕಾಣುತ್ತಿರಲಿಲ್ಲ. ಯಾವುದೋ ದೋಣಿಯ ಹುಟ್ಟಿನ ಸದ್ದು ಮಾತ್ರ ಬರುತ್ತಿತ್ತು. ಕಂಬಳಿ ಹೊದ್ದು ಕೂತಿದ್ದ ಮುದಿ ಅಂಬಿಗನೊಬ್ಬ, ಬಾಬಾ, ಇವತ್ತು ನೀರು ಕೊಯ್ಯುತ್ತೆ ಎಂದ. ದೊಡ್ಡಮಾವ ಮೂರು ಸಲ ಮುಳುಗಿದರು. ಮೂರನೆಯ ಸಲ ಏಳಲು ತಡವಾದಂತೆ ಕಂಡು ನಾನು ಸೀರೆ ಸಮೇತ ಮೊಣಕಾಲವರೆಗೆ ಇಳಿದುಬಿಟ್ಟೆ. ಎದ್ದರು. ಬೊಗಸೆಯಲ್ಲಿ ನೀರೆತ್ತಿ ಅವಳ ಹೆಸರು ಹೇಳಿದರು, ಮನೆಯ ಹೆಸರು ಹೇಳಿದರು, ಬಿಟ್ಟರು.

ಮೆಟ್ಟಿಲ ಮೇಲೆ ಕೂರಿಸಿ ತಲೆ ಒರೆಸಿದೆ. ಅವರ ಕಿವಿಗಳು ನೀಲಿಗಟ್ಟಿದ್ದವು. ಸಣ್ಣ ಮಗುವಿನ ತಲೆಯಂತೆ ಆ ತಲೆ ನನ್ನ ಕೈಯಲ್ಲಿ ಅತ್ತಿತ್ತ ಓಲಾಡುತ್ತಿತ್ತು. ನನ್ನ ತಪ್ಪನ್ನು ನಾನೇ ಸರಿಮಾಡಬೇಕಲ್ಲ ಎಂದು ಹೇಳಿದೆ, ಭಾವನಿಗೆ ಫೋನು ಮಾಡುತ್ತೇನೆ, ಆಯಮ್ಮನ ಹೆಸರು ತಿಥಿ ಬರೆಸುತ್ತೇನೆ, ಆಮೇಲೆ ಬಹಿಯನ್ನು ಏನು ಮಾಡಬೇಕೋ ಅದನ್ನು ಅವರು ಮಾಡಲಿ.

ಅವರು ಮಂಜಿನ ಕಡೆ ಮುಖ ಮಾಡಿದರು. ಹಲ್ಲು ಕಟಕಟ ಎನ್ನುತ್ತಿತ್ತು.

"ಬೇಡ" ಎಂದರು. "ಹದಿನೆಂಟು ವರ್ಷದವನಿದ್ದಾಗಿಂದ ಕಣ್ಣು ಹೋಗೋವರೆಗೂ ಬರ್ದೆ. ಯಾರು ಸತ್ತರೂ ಬರ್ದೆ. ನಮ್ಮಪ್ಪ ಸತ್ತ ದಿನಾನೂ ಬರ್ದೆ. ಒಂದೂ ಬಿಟ್ಟಿಲ್ಲ. ಇವಳೊಬ್ಬಳು ಇರ್ಲಿ ಬಿಡು, ಮಗು."

ಯಾರ್ಯಾರದೋ ಮನೆಯ ಇಷ್ಟೊಂದು ಸಾವನ್ನು ಬರೆದ ಆ ಬಲಗೈ ನನ್ನ ಮುಂಗೈಯನ್ನು ಹುಡುಕಿತು. ನಾನು ಕೊಟ್ಟೆ. ಮೇಲೆ ಹತ್ತಿ ಬರಲು ನಮಗೆ ಅರ್ಧ ಗಂಟೆ ಹಿಡಿಯಿತು.

ಅವರಿಗೆ ಸೂತಕವೆಂದಮೇಲೆ ನನಗೂ ಸೂತಕವೇ. ಸಂಜೆ ಒಲೆ ಹಚ್ಚಲಿಲ್ಲ. ನಮ್ಮವರು ಬಂದು, ಏನೂ ಕೇಳದೆ ನಾಲ್ಕು ಬಾಳೆಹಣ್ಣು ತಿಂದು, ದೊಡ್ಡಪ್ಪನ ಅಂಗಾಲಿಗೆ ಸಾಸಿವೆ ಎಣ್ಣೆ ತಿಕ್ಕುತ್ತಾ ಕೂತರು. ನಾನು ತಾರಸಿಗೆ ಹೋಗಿ ಅವರ ಒದ್ದೆ ಪಂಚೆ ಹರವಿದೆ. ಅದು ನಾಳೆಗೂ ಒಣಗುವುದಿಲ್ಲವೆಂದು ಗೊತ್ತಿತ್ತು. ಪಕ್ಕದ ತಾರಸಿಯಲ್ಲಿ ಬನಾರಸಿನವರೇ ಆದ ಚಾಚಿ ತಮ್ಮ ಒಣಗದ ಬಟ್ಟೆಗಳನ್ನು ಎಳೆದುಕೊಳ್ಳುತ್ತಿದ್ದರು. ಇವತ್ತು ನಿಮ್ಮನೆಯಿಂದ ಒಗ್ಗರಣೆ ವಾಸನೆಯೇ ಬರಲಿಲ್ಲವಲ್ಲ ಬಹೂ, ಏನಾಯಿತು ಎಂದು ತಮ್ಮ ಹಿಂದಿಯಲ್ಲಿ ಕೇಳಿದರು. ದೊಡ್ಡಮಾವನ ಊರಿನವರು ಒಬ್ಬರು ಹೋಗಿಬಿಟ್ಟರು ಎಂದೆ.

ಚಾಚಿ ಹಲ್ಲಿನಲ್ಲಿ ಕಚ್ಚಿದ್ದ ಕ್ಲಿಪ್ಪನ್ನು ತೆಗೆದು, ಹೊದಿಕೆಯನ್ನು ಎರಡು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡು, ಮೆಟ್ಟಿಲ ಕಡೆ ತಿರುಗಿದರು.

"ಚಲೋ, ಏನು ಮಾಡೋದು. ಊರಲ್ಲಿ ಮಿಕ್ಕವರಾದ್ರೂ ಇದ್ದಾರಲ್ಲ."